ಹಂಪಯ್ಯನ ಒದ್ದೆ ಗೋಣಿ

ಬ್ಯಾಡ್ಮಿಂಟನ್ ಆಡುವ ಯಾವ ಹಾಲಿಗೆ ಕಾಲಿಟ್ಟರೂ ಮೌನೇಶ್ವರಿ ಮೊದಲು ನೋಡುವುದು ಅಂಕಣದ ಹಿಂದಿನ ಎಡಮೂಲೆಯನ್ನು. ನೆಟ್ಟು ಬಿಗಿಯಾಗಿದೆಯೋ, ದೀಪ ಕಣ್ಣಿಗೆ ಹೊಡೆಯುತ್ತದೋ, ಅದೆಲ್ಲ ಆಮೇಲೆ. ಆ ಮೂಲೆಯಲ್ಲಿ ಒಬ್ಬ ಹುಡುಗಿ ಬಿದ್ದಿರುತ್ತಾಳೆ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಯಾರದೋ ಹಳೇ ಅಂಗಿ. ಎಡ ಮಂಡಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡಿರುತ್ತಾಳೆ. ಬಾಯಿ ತೆರೆದಿರುತ್ತದೆ, ದನಿ ಬರುವುದಿಲ್ಲ. ಬೇರೆ ಯಾರಿಗೂ ಅವಳು ಕಾಣುವುದಿಲ್ಲ, ಯಾಕೆಂದರೆ ಅವಳು ಕಾಲೇಜು ಸೇರಿದ ವರ್ಷದ ಮೌನೇಶ್ವರಿಯೇ.

ಈಗಿನ ಮೌನೇಶ್ವರಿಗೆ ನಲವತ್ತು ದಾಟಿದೆ. ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ಆಟದ ಟೀಚರು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾಳೆ, ಹಿಡಿದದ್ದು ಯಾರಿಗೂ ಕಾಣದಂತೆ ಹಿಡಿಯುತ್ತಾಳೆ. ತಿಂಥಣಿಯ ಮೌನದ ದೇವರ ಹೆಸರಿಟ್ಟುಕೊಂಡಿದ್ದರೂ ಅವಳ ಬಾಯಿ ಮುಚ್ಚಿಸುವುದು ಆ ದೇವರಿಂದಲೂ ಆಗಿಲ್ಲ ಎಂದು ಮಕ್ಕಳು ಬೆನ್ನ ಹಿಂದೆ ಆಡಿಕೊಳ್ಳುತ್ತವೆ. ಆಟ ಶುರುವಾದರೆ ಸಾಕು, ಅವಳ ಗಂಟಲು ತೀನ್ ಕಂದಿಲ್ ಸರ್ಕಲ್ಲಿನ ತನಕ ಕೇಳಿಸುತ್ತದೆ ಎಂಬುದು ಸ್ವಲ್ಪ ಉತ್ಪ್ರೇಕ್ಷೆ, ಬಹಳವೇನಲ್ಲ. ಅವಳು ಕೂಗುವುದು ಮುಖ್ಯವಾಗಿ ಒಂದೇ ಮಾತು.

"ಜಾರಬ್ಯಾಡ ಬೇ! ಜಾರಬ್ಯಾಡ!"

ಜಾರದಿರಲು ಅವಳ ಬಳಿ ಒಂದು ಉಪಾಯವೂ ಇತ್ತು. ಅಂಕಣದ ಪಕ್ಕದಲ್ಲಿ ನೀರಲ್ಲಿ ಅದ್ದಿ ಹಿಂಡಿದ ಗೋಣಿಚೀಲವೊಂದು ಹಾಸಿರುತ್ತಿತ್ತು. ಪ್ರತಿ ಹುಡುಗಿಯೂ ಆಟಕ್ಕಿಳಿಯುವ ಮೊದಲು, ಮಧ್ಯೆ ಸಿಕ್ಕಾಗಲೆಲ್ಲ, ಬೂಟಿನ ತಳವನ್ನು ಅದಕ್ಕೆ ಒರೆಸಬೇಕು. ಮೊದಲು ಬೆರಳ ಕಡೆ, ಆಮೇಲೆ ಹಿಮ್ಮಡಿ, ಕೊನೆಗೆ ಒಂದು ತಿರುವು. ಧೂಳೆಲ್ಲ ಗೋಣಿಗೆ, ಹಿಡಿತವೆಲ್ಲ ಬೂಟಿಗೆ. ಅವಳ ಹುಡುಗಿಯರು ಗೆಲ್ಲತೊಡಗಿದ ಮೇಲೆ ಬೇರೆ ಶಾಲೆಯವರೂ ಇದನ್ನು ಕಲಿತರು. ಈಗ ಜಿಲ್ಲೆಯ ಯಾವ ತಾಲ್ಲೂಕಿನಲ್ಲಿ ಆಟ ನಡೆದರೂ ಅಂಕಣದ ಎರಡೂ ಬದಿಗೆ ಒದ್ದೆ ಗೋಣಿ ಇರುತ್ತದೆ. ಮೌನಕ್ಕನ ಗೋಣಿ ಅಂತಲೇ ಅದಕ್ಕೆ ಹೆಸರು. ಆ ಹೆಸರು ಕಿವಿಗೆ ಬಿದ್ದಾಗ ಅವಳು ಕೇಳಿಸದವಳ ಹಾಗೆ ಇರುತ್ತಿದ್ದಳು, ಒಳಗೊಳಗೇ ಉಬ್ಬುತ್ತಿದ್ದಳು.

ನಿಜ ಹೇಳಬೇಕೆಂದರೆ ಅದು ಅವಳ ಗೋಣಿಯಲ್ಲ, ಅವಳಪ್ಪ ಹಂಪಯ್ಯನದು. ಕುರ್ಡಿಯ ಹಂಪಯ್ಯ ಮಾನ್ವಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಹಮಾಲಿಯಾಗಿದ್ದ. ಬೆನ್ನ ಮೇಲೆ ಚೀಲ ಹೊತ್ತು ಇಳಿಜಾರು ಹಲಗೆ ಏರಿ ಲಾರಿ ತುಂಬಬೇಕು. ಮಿಲ್ಲಿನಲ್ಲಿ ತೌಡು ಎಲ್ಲಿರುವುದಿಲ್ಲ? ಗಾಳಿಯಲ್ಲಿ, ಹುಬ್ಬಿನಲ್ಲಿ, ಪಾದದ ಕೆಳಗೆ. ತೌಡಿನ ಮೇಲೆ ಕಾಲು ಜಾರಿದರೆ ಹೊತ್ತ ಚೀಲ ಹೊತ್ತವನ ಕುತ್ತಿಗೆಯ ಮೇಲೆಯೇ ಬೀಳುತ್ತದೆ. ಅದಕ್ಕೇ ಹಲಗೆಯ ಬುಡದಲ್ಲಿ ಒದ್ದೆ ಗೋಣಿ. ಬರಿಗಾಲನ್ನು ಅದಕ್ಕೆ ಉಜ್ಜಿ ಹಮಾಲರು ಹಲಗೆ ಏರುತ್ತಿದ್ದರು.

ಭತ್ತ ಬಾರದ ತಿಂಗಳುಗಳಲ್ಲಿ ಮಿಲ್ಲಿನ ಗೋಡೌನು ಖಾಲಿ. ಎತ್ತರದ ತಗಡಿನ ಸೂರು, ಗಾಳಿಯ ಕಾಟವಿಲ್ಲ, ಸಿಮೆಂಟಿನ ನೆಲ. ಶಟಲ್ ಆಡಲು ಅದಕ್ಕಿಂತ ಒಳ್ಳೆ ಜಾಗ ಮಾನ್ವಿಯಲ್ಲಿರಲಿಲ್ಲ. ಮಿಲ್ಲಿನ ಲಾರಿ ಓಡಿಸುತ್ತಿದ್ದವನ ಮಗಳು ತಹಸೀನ್, ಹಮಾಲಿಯ ಮಗಳು ಮೌನೇಶ್ವರಿ, ಇಬ್ಬರೂ ಅಲ್ಲೇ ಆಡಿ ಆಡಿ ಜೋಡಿಯಾದರು. ಮಗಳು ತೌಡಿನ ಮೇಲೆ ಜಾರುವುದನ್ನು ಕಂಡ ಹಂಪಯ್ಯ ತನ್ನ ಕೆಲಸದ ಗುಟ್ಟನ್ನು ಅವಳಿಗೆ ಕೊಟ್ಟ. ಕೊಡಲು ಅವನ ಬಳಿ ಬೇರೆ ಏನಿತ್ತು ಪಾಪ.

ಮೌನೇಶ್ವರಿ ಕಾಲೇಜು ಸೇರಿದ ವರ್ಷ ಜಿಲ್ಲೆಯ ಆಯ್ಕೆ ಪಂದ್ಯ ಅದೇ ಗೋಡೌನಿನಲ್ಲಿ ನಡೆಯಿತು. ಗೆದ್ದವರು ರಾಜ್ಯಮಟ್ಟದ ಪಂದ್ಯಕ್ಕೆ. ಎದುರಿನವಳು ಶಟಲ್ಲನ್ನು ಎತ್ತಿ ಹಿಂದಿನ ಎಡಮೂಲೆಗೆ ಕಳಿಸಿದಳು. ಮೌನೇಶ್ವರಿ ಹಿಂದಕ್ಕೆ ಓಡಿ, ಹಾರಿ, ತಲೆಯ ಮೇಲಿಂದ ಹೊಡೆದು, ಎಡಗಾಲೊಂದರ ಮೇಲೆ ಇಳಿದಳು. ತೊಗರಿ ಕಟ್ಟಿಗೆ ಮುರಿದ ಹಾಗೆ ಟಕ್ ಎಂದಿತು. ಅಷ್ಟೇ. ಅವಳ ಆಟ ಮುಗಿಯಿತು.

ತತ್ತಿಯ ಬಿಳಿ, ಉದ್ದಿನ ಹಿಟ್ಟು ಕಲಸಿ ಮಂಡಿಗೆ ಪಟ್ಟಿ ಕಟ್ಟಿದರು. ನೋಡಲು ಬಂದವರಿಗೆಲ್ಲ ಅವ್ವ ಶೇಖಮ್ಮ, "ತೌಡಿನ ಮ್ಯಾಲೆ ಜಾರಿ ಬಿದ್ಲು ನೋಡ್ರೀ" ಎಂದು ಹೇಳಿದ್ದನ್ನೇ ಹೇಳಿದಳು. ಮಂಚದ ಮೇಲೆ ಮಲಗಿದವಳು ಅದನ್ನೇ ಕೇಳಿದಳು, ಬೇಸಿಗೆ ಪೂರ್ತಿ ಕೇಳಿದಳು. ಹಂಪಯ್ಯ ಮಾತ್ರ ಏನೂ ಹೇಳುತ್ತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಸಾಯುವ ಮುಂಚೆ, ಮಗಳ ಕೈ ಹಿಡಿದು ಕೇಳಿದ್ದ.

"ಅವತ್ತು ಗೋಣಿ ಒಣಗಿತ್ತೇನ ಯವ್ವಾ? ನಾ ನೀರು ಕಡಿಮಿ ಹಾಕಿದ್ನೇನು?"

"ಇಲ್ಲ ಯಪ್ಪಾ, ಹಸೀನೇ ಇತ್ತು," ಎಂದಿದ್ದಳು ಮೌನೇಶ್ವರಿ. ಅಪ್ಪನ ಸಮಾಧಾನಕ್ಕೆ ಸುಳ್ಳು ಹೇಳಿದೆ ಎಂದೇ ಅವಳು ತಿಳಿದಿದ್ದಳು.

ಆ ಟಕ್ ಎನ್ನುವ ಸದ್ದು ಅವಳನ್ನು ಬಿಟ್ಟುಹೋಗಲಿಲ್ಲ. ಬಾಗಿಲ ಚಿಲಕದಲ್ಲಿ, ಬಸ್ಸಿನ ಗೇರಿನಲ್ಲಿ, ಮಕ್ಕಳು ಮುರಿಯುವ ಸೀಮೆಸುಣ್ಣದಲ್ಲಿ ಕಾದು ಕೂತು ಕೇಳಿಸುತ್ತಿತ್ತು. ಎರಡು ವರ್ಷದ ಹಿಂದೆ ಅದು ನಿಜವಾಗಿಯೇ ಮತ್ತೆ ಕೇಳಿಸಿತು. ಕವಿತಾಳದ ಯಶೋದಾ, ಅವಳು ತಯಾರು ಮಾಡಿದ ಹುಡುಗಿಯರಲ್ಲೇ ಚುರುಕಾದವಳು, ಅದೇ ಎಡಮೂಲೆಯಲ್ಲಿ ಅದೇ ಎಡಗಾಲ ಮೇಲೆ ಇಳಿದು ಕುಸಿದಿದ್ದಳು. ಹೆದರಿಕೆ ಮೌನೇಶ್ವರಿಯ ಬಾಯಲ್ಲಿ ಸಿಟ್ಟಾಗಿ ಬಂತು. ನೆಲದ ಮೇಲೆ ಹೊರಳುತ್ತಿದ್ದ ಹುಡುಗಿಗೆ, "ಎಷ್ಟು ಸಲ ಹೇಳೀನಿ, ಗೋಣಿಗೆ ಸರಿ ಒರಸು ಅಂತ! ಒರಸಿಲ್ಲ ನೀನು!" ಎಂದು ಬೈದಿದ್ದಳು. ಯಶೋದಾ ಎದುರು ಮಾತಾಡಲಿಲ್ಲ. ಆಪರೇಷನ್ ಆಯಿತು, ಆಟ ನಿಂತಿತು. ಈಗ ಪಂದ್ಯಗಳಲ್ಲಿ ಗೆರೆ ನೋಡುವ ಕೆಲಸಕ್ಕೆ ಬರುತ್ತಾಳೆ, ಶಟಲ್ ಒಳಗೆ ಬಿತ್ತೋ ಹೊರಗೆ ಬಿತ್ತೋ ಕೈಮಾಡಿ ಹೇಳುತ್ತಾಳೆ.

ಆಮೇಲೆ ಬಂದವಳು ಚಂದ್ರಬಂಡದ ರಾಧಾ. ಕುರಿ ಕಾಯುವ ಮನೆತನ. ಹಿಂಡಿನ ಹಿಂದೆ ಕಲ್ಲುಬಂಡೆ ಹತ್ತಿಳಿದ ಕಾಲುಗಳು, ಹಾರಿದರೆ ನೋಡಬೇಕು. ಆದರೆ ಆ ಮೂಲೆಯಲ್ಲಿ ಇಳಿಯುವಾಗ ಅವಳ ಎಡ ಮಂಡಿ ಒಳಕ್ಕೆ ವಾಲುತ್ತಿತ್ತು, ಯಶೋದಾಳದು ವಾಲಿದ ಹಾಗೆಯೇ. ಅದನ್ನು ಕಂಡಾಗಲೆಲ್ಲ ಮೌನೇಶ್ವರಿ ಎದ್ದು ನಿಲ್ಲುತ್ತಿದ್ದಳು. ಆಟ ನಿಲ್ಲಿಸಿ, "ಹೋಗು, ಇನ್ನೊಮ್ಮೆ ಒರಸಿಕೊಂಡು ಬಾ" ಎಂದು ಕಳಿಸುತ್ತಿದ್ದಳು. ಗೋಣಿಗೆ ಇನ್ನಷ್ಟು ನೀರು ಸುರಿಯುತ್ತಿದ್ದಳು. ಈ ಹುಡುಗಿಯ ಮಂಡಿಯೊಂದು ಉಳಿದರೆ ಸಾಕು ಎಂದು ಹರಕೆ ಹೊತ್ತವಳಂತೆ ಇದ್ದಳು.

ಜಿಲ್ಲೆಯ ಪಂದ್ಯಕ್ಕೆ ಕೆಲವು ದಿನ ಇರುವಾಗ ವಾಹಿದಾ ಎಂಬ ಫಿಜಿಯೋಥೆರಪಿಸ್ಟು ಶಾಲೆಗೆ ಬಂದಳು. ಆಡುವ ಹುಡುಗಿಯರ ಕಾಲಿನ ಸ್ನಾಯುಗಳು ಹೇಗೆ ಕೆಲಸ ಮಾಡುತ್ತವೆ ಎಂದು ಪರೀಕ್ಷೆ ಮಾಡುತ್ತಿದ್ದಳು. ರಾಧಾಳ ತೊಡೆಯ ಮುಂದೆ ಹಿಂದೆ ಸಣ್ಣ ಬಿಲ್ಲೆಗಳನ್ನು ಅಂಟಿಸಿ, ಮೂಲೆಗೆ ಹಾರಿ ಇಳಿಯಲು ಹೇಳಿದಳು. ಲ್ಯಾಪ್‌ಟಾಪಿನ ಮೇಲೆ ಗೆರೆಗಳು ಕುಣಿದವು.

"ಇದು ನೋಡ್ರೀ ಟೀಚರ್, ಮುಂದಿನ ತೊಡಿ ಮೊದ್ಲೇ ಎದ್ದು ಜಗ್ಗಾಕತ್ತದ. ಹಿಂದಿಂದು ಇನ್ನಾ ಮಲಗೇ ಅದ. ಕಾಲು ನೆಲಕ್ಕ ಮುಟ್ಟಿದ ಮ್ಯಾಲೆ ಏಳತದ. ಅಷ್ಟೊತ್ತಿಗಿ ಮಂಡಿ ಒಂಟಿ ಆಗಿರತದ. ತಾಲೀಮು ಮಾಡಿಸಿದ್ರ ಸುಧಾರಿಸತದ, ಅಂಜಬ್ಯಾಡ್ರಿ." ಹೀಗೆ ಹೇಳುತ್ತ ರಾಧಾಳ ಬೂಟು ಮುಟ್ಟಿದವಳು ಕೈ ನೋಡಿಕೊಂಡಳು. "ಇದ್ಯಾಕ ತೊಯ್ದದ?"

ಮೌನೇಶ್ವರಿ ಹೆಮ್ಮೆಯಿಂದಲೇ ಗೋಣಿ ತೋರಿಸಿದಳು. ವಾಹಿದಾಳ ಮುಖ ಇಳಿಯಿತು.

"ಟೀಚರ್, ಪಾದ ನೆಲಾ ಇಷ್ಟು ಗಟ್ಟಿ ಹಿಡಕೊಂಡ್ರ ಹೆಂಗ? ಮೈ ತಿರಗತದ, ಪಾದ ತಿರಗಂಗಿಲ್ಲ. ನಡುವ ಸಿಗೋದು ಮಂಡಿ. ಒಂದೀಟು ಜಾರಿದ್ರನ ಚಲೋ."

"ಜಾರಿದ್ರ ಚಲೋ? ನನ್ನ ಮಂಡಿ ಹೋಗಿದ್ದೇ ಜಾರಿ, ತಂಗಿ. ನನಗ ಹೇಳಬ್ಯಾಡ."

"ಯಾ ಕಡಿ ಜಾರಿದ್ರಿ? ಒಳಗೋ, ಹೊರಗೋ?"

ಮೌನೇಶ್ವರಿ ಹೇಳಲು ಬಾಯಿ ತೆರೆದಳು. ಬಿದ್ದ ಹುಡುಗಿಯನ್ನು ಅವಳು ದಿನಾ ನೋಡುತ್ತಿದ್ದಳು, ಜಡೆಯ ರಿಬ್ಬನ್ನಿನ ಬಣ್ಣ ಸಮೇತ ಹೇಳಬಲ್ಲಳು. ಆದರೆ ಬೀಳುವ ಮೊದಲಿನ ಆ ಗಳಿಗೆ ಅವಳಲ್ಲಿ ಇರಲೇ ಇಲ್ಲ. ಅಲ್ಲಿ ಇದ್ದದ್ದು ಅವ್ವನ ದನಿ ಮಾತ್ರ, ಬಂದವರಿಗೆ ಹೇಳುತ್ತಿದ್ದ ಆ ಒಂದು ಮಾತು.

ಮರುದಿನ ರಜೆ ಹಾಕಿ ದೇವದುರ್ಗದ ಬಸ್ಸು ಹತ್ತಿದಳು. ಅವತ್ತು ಅಂಕಣದಲ್ಲಿ ಅವಳ ಪಕ್ಕದಲ್ಲೇ ನಿಂತಿದ್ದವಳು ತಹಸೀನ್. ಈಗ ದೇವದುರ್ಗದ ಬಜಾರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಗಬ್ಬೂರು ದಾಟುವ ತನಕ ಮೌನೇಶ್ವರಿ ತನ್ನ ಮಂಡಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಕೂತಿದ್ದಳು. ಕೇಳಬಾರದ್ದನ್ನು ಕೇಳಲು ಹೊರಟಿದ್ದೇನೆ ಎಂದು ಒಳಗೇ ಯಾರೋ ಹೇಳುತ್ತಿದ್ದರು.

ತಹಸೀನ್ ಮಂಡಕ್ಕಿ ಒಗ್ಗರಣಿ, ಮಿರ್ಚಿ ತರಿಸಿದಳು. ಮಕ್ಕಳ ಸುದ್ದಿ, ಸಕ್ಕರೆ ಕಾಯಿಲೆಯ ಸುದ್ದಿ ಆಯಿತು. ಮೌನೇಶ್ವರಿ ತಟ್ಟೆ ಮುಟ್ಟಲಿಲ್ಲ.

"ತಹಸೀನ್, ಅವತ್ತು ನಾ ಹೆಂಗ ಜಾರಿದೆ?"

"ನೀ ಎಲ್ಲಿ ಜಾರಿದಿ?"

"ತೌಡು ಇತ್ತಲ್ಲ..."

"ತೌಡು ಎಲ್ಲಿತ್ತಲೇ ಅವತ್ತು! ಆಯ್ಕೆ ಮಾಡೋ ಸಾಹೇಬ್ರು ಬರ್ತಾರಂತ ಮುಂಜಾನಿಂದ ನೀನು, ನಾನು, ನಿಮ್ಮಪ್ಪ ಕೂಡಿ ನೀರು ಹಾಕಿ ಗೋಡೌನ್ ತೊಳದ್ವಿ. ಯಾದ್ ಇಲ್ಲೇನು? ನೆಲ ಊಟದ ತಾಟಿನಂಗ ಹೊಳಿತಿತ್ತು." ತಹಸೀನ್ ಕತ್ತರಿ ಕೆಳಗಿಟ್ಟಳು. "ನಿಮ್ಮಪ್ಪ ಗೋಣಿ ಮ್ಯಾಲೆ ತುಂಬಿದ ಕೊಡ ಸುರುವಿದ್ದ. ನನ್ನ ಮಗಳು ಜಾರಬಾರದು ಅಂತ. ನೀ ಎಲ್ಲಾರಕಿಂತ ಜಾಸ್ತಿ ಒರಸಿಕೊಂಡು ಬಂದಿ. ಎಡಗಾಲು ಊರಿದಿ, ಪಾದ ಮೊಳಿ ಹೊಡದಂಗ ಅಲ್ಲೇ ನಿಂತುಬಿಡ್ತು. ನೀ ನನ್ನ ಕಡಿ ತಿರಗಿದಿ. ಆಮ್ಯಾಗ ಆ ಸಪ್ಪಳ ಬಂತು. ಅಲ್ಲಾ ಕಸಂ, ನನಗೂ ಇನ್ನಾ ಕೇಳತದ ಅದು."

"ಇಷ್ಟು ವರ್ಷ ಯಾಕ ಹೇಳಲಿಲ್ಲ ನೀನು?"

"ನೀ ಯಾವಾಗ ಕೇಳಿದಿ? ನಿಮ್ಮವ್ವ ಜಾರಿದ್ಲು ಅಂದ್ಲು, ಊರೆಲ್ಲ ಅಂತು. ಮಂಡಿ ಅಂತೂ ಹೋತು, ಹೆಂಗ ಹೋತಂದ್ರ ಏನು ಅಂತ ಬಿಟ್ಟೆ."

ಮರಳಿ ಬರುವ ಬಸ್ಸಿನಲ್ಲಿ ಅವಳಿಗೆ ಅಪ್ಪ ನೆನಪಾದ. ಹಸೀನೇ ಇತ್ತು ಯಪ್ಪಾ ಎಂದು ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ಹೊರೆ ಹೊತ್ತವನು ಜಾರಬಾರದು, ಸರಿ. ಹಾರುವವಳಿಗೆ ಪಾದ ಅಷ್ಟಿಷ್ಟು ಸರಿಯಬೇಕು ಎಂಬುದು ಹಮಾಲಿ ಹಂಪಯ್ಯನಿಗೆ ಎಲ್ಲಿಂದ ಗೊತ್ತಾಗಬೇಕು? ತನ್ನ ಮೈಯನ್ನು ಉಳಿಸಿದ್ದನ್ನೇ ಅವನು ಮಗಳ ಕಾಲ ಕೆಳಗೆ ಹಾಸಿದ್ದ. ಅವಳಿಗೆ ಅಳು ಬಂತು. ಪಕ್ಕದಲ್ಲಿ ಕೂತ ಅಜ್ಜಿ ಏನವ್ವಾ ಎಂದು ಕೇಳಿದರೆ ಕಣ್ಣಿಗೆ ಧೂಳು ಬಿತ್ತು ಎಂದಳು. ಅಪ್ಪನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಆದರೆ ಆ ಗೋಣಿಯನ್ನು ಇಡೀ ಜಿಲ್ಲೆಗೆ ಹಂಚಿದವಳು ತಾನು. ಯಶೋದಾಳಿಗೆ ಒರೆಸು ಎಂದವಳು ತಾನು. ರಾಯಚೂರು ಬರುವ ಹೊತ್ತಿಗೆ ಎಡಮೂಲೆಯ ಹುಡುಗಿಯ ಜಡೆ ಬಿಚ್ಚಿ ಯಶೋದಾಳ ಕತ್ತರಿಸಿದ ಕೂದಲಾಗಿತ್ತು.

ಅವಳೇನು ಕೂಡಲೇ ಧೀರಳಾಗಲಿಲ್ಲ. ಸದ್ದಿಲ್ಲದ ದಾರಿಯನ್ನೇ ಹಿಡಿದಳು. ಶಾಲೆಯ ಗೋಣಿಯನ್ನು ಸ್ಟೋರಿನಲ್ಲಿ ಬಿಸಾಕಿ, ಇನ್ನು ಮೇಲೆ ಒರೆಸಬೇಡಿ ಎಂದಳು. ಯಾಕೆ ಎಂದು ಕೇಳಿದವರಿಗೆ ಗದರಿದಳು. ವಾಹಿದಾ ಹೇಳಿಕೊಟ್ಟ ತಾಲೀಮನ್ನು ಸಂಜೆ ಸಂಜೆ ಮಾಡಿಸಿದಳು, ಮಂಡಿ ಬಗ್ಗಿಸಿ ಮೆತ್ತಗೆ ಇಳಿಯುವುದು, ತೊಡೆಯ ಹಿಂಭಾಗಕ್ಕೆ ಬಲ ತರುವುದು. ಬೇರೆ ಶಾಲೆಯವರಿಗೆ ಏನೂ ಹೇಳಲಿಲ್ಲ. ಹೇಳಿದರೆ ಮೌನಕ್ಕನ ಹೆಸರು ಏನಾಗುತ್ತದೆ, ಯಶೋದಾಳ ಅಪ್ಪ ಅವ್ವ ಏನನ್ನುತ್ತಾರೆ, ಈ ಭಯ ಅವಳನ್ನು ತಿನ್ನುತ್ತಿತ್ತು.

ಪಂದ್ಯ ರಾಯಚೂರಿನಲ್ಲೇ, ಹಸಿರು ಮ್ಯಾಟು ಹಾಸಿದ ಹಾಲಿನಲ್ಲಿ. ಒಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತುಬಿಟ್ಟಳು. ಪ್ರತಿ ಅಂಕಣದ ಎರಡೂ ಬದಿಗೆ ಒದ್ದೆ ಗೋಣಿ. ಸಿಂಧನೂರಿನವರು, ಲಿಂಗಸುಗೂರಿನವರು, ದೇವದುರ್ಗದವರು, ಎಲ್ಲ ಹುಡುಗಿಯರೂ ಬೆರಳು, ಹಿಮ್ಮಡಿ, ತಿರುವು ಎಂದು ಭಕ್ತಿಯಿಂದ ಉಜ್ಜುತ್ತಿದ್ದರು. ದೂರದಿಂದ ನೋಡಿದರೆ ಹಮಾಲರು ಹಲಗೆ ಏರಲು ಸಾಲು ನಿಂತ ಹಾಗಿತ್ತು. ಅವಳು ಮುಖ ತಿರುಗಿಸಿಕೊಂಡಳು. ಮಧ್ಯಾಹ್ನದ ತನಕ ಹಾಗೇ ತಿರುಗಿಸಿಕೊಂಡೇ ಇದ್ದಳು.

ಫೈನಲ್ಲಿಗೆ ರಾಧಾ ಬಂದಳು. ಎದುರಿಗೆ ದೇವದುರ್ಗದ ಸಣಕಲು ಹುಡುಗಿಯೊಬ್ಬಳು. ಆಟದ ನಡುವೆ ಆ ಹುಡುಗಿ ಓಡಿಬಂದು ಗೋಣಿಯ ಮೇಲೆ ನಿಂತಳು, ಬಗ್ಗಿ ನೋಡಿಕೊಂಡು ಎಡಗಾಲನ್ನು ಇನ್ನೊಮ್ಮೆ ತಿರುವಿದಳು. ತನ್ನಪ್ಪ ತುಂಬಿದ ಕೊಡ ಸುರಿಯುವ ಸದ್ದು ಮೌನೇಶ್ವರಿಗೆ ಸ್ಪಷ್ಟವಾಗಿ ಕೇಳಿಸಿತು. ಮೂಲೆಯತ್ತ ನೋಡಿದಳು. ಅಲ್ಲಿ ಬಿದ್ದಿದ್ದವಳಿಗೆ ಈಗ ಈ ದೇವದುರ್ಗದ ಹುಡುಗಿಯ ಮುಖ ಬಂದಿತ್ತು.

ಅವಳು ಎದ್ದಳು. ಕುಂಟುತ್ತಲೇ ಹೋಗಿ, ಇವತ್ತು ಮುಚ್ಚಿಡಲೂ ಇಲ್ಲ, ಬಗ್ಗಿ ಗೋಣಿ ಎತ್ತಿಕೊಂಡಳು. ನೀರು ಸೀರೆಯ ಮೇಲೆ ಸುರಿಯಿತು. ಆಚೆ ಬದಿಗೆ ಹೋಗಿ ಅದನ್ನೂ ಎತ್ತಿದಳು. ಪಕ್ಕದ ಅಂಕಣದ್ದನ್ನೂ ಎತ್ತಿದಳು. ಅಂಪೈರು ಆಟ ನಿಲ್ಲಿಸಿದ. ದೇವದುರ್ಗದ ಕೋಚ್ ಗುರುಸಿದ್ದ ಎದ್ದು ಬಂದ.

"ಅಕ್ಕಾ, ಏನು ಮಾಡಾಕತ್ತೀರಿ? ನಮ್ಮ ಹುಡುಗಿ ಗೆಲ್ಲಾಕತ್ತಾಳಂತ ಗೋಣಿ ಕಸಗೊಂತೀರೇನು? ನಮಗ ಕಲಿಸಿದಾಕಿ ನೀವೇ ಅಲ್ರೀ!"

"ಹೌದಪ್ಪ, ನಾನೇ ಕಲಿಸೀನಿ. ತಪ್ಪು ಕಲಿಸೀನಿ." ಅವಳ ದನಿ ಎಂದಿನಂತೆ ಹಾಲಿನ ತುಂಬಾ ಹೋಯಿತು. "ನಾ ಜಾರಿ ಬಿದ್ದಾಕಿ ಅಲ್ಲ. ಪಾದ ಜಾರಲಿಲ್ಲಂತನ ನನ್ನ ಮಂಡಿ ಹೋತು. ಈ ಗೋಣಿ ಹಿಡಕೊಂತು ನನ್ನ ಪಾದ. ನಿಮ್ಮ ಮಕ್ಕಳದೂ ಹಿಡಕೊಂತದ. ಯಾರೂ ಒರಸಬ್ಯಾಡ್ರಿ. ಕೈ ಮುಗೀತೀನಿ."

ಯಾರೋ ಒಬ್ಬರು ನಕ್ಕು, ಸುಮ್ಮನಾದರು. ಗುರುಸಿದ್ದ ತನ್ನ ಹುಡುಗಿಯ ಕಾಲನ್ನು ಒಮ್ಮೆ ನೋಡಿದ, ಮೌನೇಶ್ವರಿಯ ಕಾಲನ್ನು ಒಮ್ಮೆ ನೋಡಿದ. ಕೈ ಚಾಚಿ ಅವಳ ತೋಳಿನಿಂದ ಭಾರದ ಗೋಣಿಯೊಂದನ್ನು ತಾನೇ ಇಸಿದುಕೊಂಡು ಹೊರಗೆ ಹಾಕಿ ಬಂದ.

ಆಟ ಮತ್ತೆ ಶುರುವಾಯಿತು. ಶಟಲ್ ಎತ್ತರಕ್ಕೆ ಹೋಗಿ ರಾಧಾಳ ಹಿಂದಿನ ಎಡಮೂಲೆಗೆ ಇಳಿಯತೊಡಗಿತು. ರಾಧಾ ಓಡಿದಳು, ಹಾರಿದಳು, ಹೊಡೆದಳು, ಎಡಗಾಲ ಮೇಲೆ ಇಳಿದಳು. ರಾಯಚೂರಿನ ಧೂಳು ಯಾವ ಬಾಗಿಲಿಗೂ ನಿಲ್ಲುವುದಿಲ್ಲ, ಮ್ಯಾಟಿನ ಮೇಲೂ ತೆಳ್ಳಗೆ ಕೂತಿತ್ತು. ಪಾದ ಸರ್ ಎಂದು ಒಂದು ಗೇಣು ಸರಿಯಿತು, ಮೈ ಅದರ ಜೊತೆಗೇ ಹೋಯಿತು, ರಾಧಾ ಕುಂಡಿಯೂರಿ ಕೂತುಬಿಟ್ಟಳು. ಪಾಯಿಂಟು ಹೋಯಿತು. ಹುಡುಗಿ ಗಾಬರಿಯಿಂದ ಟೀಚರ ಕಡೆ ನೋಡಿದಳು, ಬೈಗುಳ ಬರುತ್ತದೆ ಎಂದು.

"ಜಾರು ಯವ್ವಾ," ಎಂದಳು ಮೌನೇಶ್ವರಿ. "ಜಾರು. ಏನಾಗಂಗಿಲ್ಲ."

ಆ ಪಂದ್ಯ ರಾಧಾ ಸೋತಳು. ಎರಡೂ ಮಂಡಿ ನೆಟ್ಟಗಿಟ್ಟುಕೊಂಡು ನಡೆದು ಬಂದು, ಸೋತದ್ದಕ್ಕೆ ಅತ್ತು, ಆಮೇಲೆ ಬಾಳೆಹಣ್ಣು ತಿಂದಳು. ಮೌನೇಶ್ವರಿ ಅವಳ ತಲೆ ಸವರಿ, ಅಭ್ಯಾಸ ಬಲದಿಂದ ಎಡಮೂಲೆಯ ಕಡೆ ತಿರುಗಿದಳು.

ಈ ಸಲ ಅಲ್ಲಿ ನೆಲದ ಮೇಲೆ ಯಾರೂ ಇರಲಿಲ್ಲ. ಗೆರೆ ನೋಡುವವರ ಕುರ್ಚಿ ಇತ್ತು. ಕುರ್ಚಿಯಲ್ಲಿ ಯಶೋದಾ ಕೂತಿದ್ದಳು. ಬೆಳಗಿನಿಂದ ಅಲ್ಲೇ ಕೂತಿದ್ದಳು, ಎಲ್ಲವನ್ನೂ ಕೇಳಿದ್ದಳು. ಎಡ ಮಂಡಿಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು.

ಮೌನೇಶ್ವರಿ ಹತ್ತಿರ ಹೋದಳು. ಯಶೋದಾ ತಲೆ ಎತ್ತಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮೌನೇಶ್ವರಿಗೆ ಎಷ್ಟೋ ಹಗುರವಾಗುತ್ತಿತ್ತು.

"ಅಕ್ಕಾ," ಎಂದಳು ಮೆಲ್ಲಗೆ, "ಅವತ್ತು ನಾ ಚಲೋನೇ ಒರಸಿದ್ದೆ ರೀ."

"ಗೊತ್ತಾತು ಯವ್ವಾ," ಎಂದಳು ಮೌನೇಶ್ವರಿ, ಮತ್ತು ಬಗ್ಗದ ಮಂಡಿಯನ್ನು ಕೈಯಿಂದ ಹಿಡಿದು ಬಗ್ಗಿಸಿ ಆ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು.